ನಿಮಗಿದು ಗೊತ್ತೇ? ಹೆಸರಿಗೂ ಸಾಕ್ಷಿ ಬೇಕು, ಗುರಾಣಿಗೂ ಸಾಕ್ಷಿ ಬೇಕು

● ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬೇಸಿಗೆ ಬಂತೆಂದರೆ ಹತ್ತು ಸಾವಿರಕ್ಕೂ ಹೆಚ್ಚು ಜನ ಒಂದು ಕೆರೆಯ ಬಯಲಿನಲ್ಲಿ ಗುಡಾರ ಹಾಕುತ್ತಾರೆ. ಕವಚ ತೊಡುತ್ತಾರೆ, ಬೆತ್ತದ ಕತ್ತಿ ಹಿಡಿದು ಬಡಿದಾಡುತ್ತಾರೆ. ಇದು 1972ರಲ್ಲಿ ಶುರುವಾದ ‘ಪೆನ್ಸಿಕ್ ಯುದ್ಧ’. ಆ ಬಯಲಿನ ಒಂದು ಗುಡಾರದಲ್ಲಿ ಮಾತ್ರ ಕತ್ತಿಯ ಸದ್ದಿಲ್ಲ. ಅಲ್ಲಿ ಮೇಜುಗಳ ಮೇಲೆ ಹಳೆಯ ತೆರಿಗೆ ಪಟ್ಟಿಗಳ, ಚರ್ಚಿನ ದಾಖಲೆಗಳ ಪ್ರತಿಗಳು ಹರಡಿರುತ್ತವೆ. ಜನ ಸಾಲಾಗಿ ಬಂದು ಕೂತು ಕೇಳುವುದು ಒಂದೇ: “ನಾನು ಇಟ್ಟುಕೊಳ್ಳಬೇಕೆಂದಿರುವ ಈ ಹೆಸರು ಮಧ್ಯಯುಗದಲ್ಲಿ ಇತ್ತೇ? ನನ್ನ ಗುರಾಣಿಯ ಮೇಲಿನ ಚಿತ್ರ ಬೇರೆ ಯಾರದ್ದೋ ಆಗಿಲ್ಲ ತಾನೇ?”

● ಮಧ್ಯಯುಗದ ಬದುಕನ್ನು ಆಡಿ ನೋಡುವ, ಅದಕ್ಕಾಗಿ ಆ ಕಾಲದ ಹೆಸರು, ಗುರಾಣಿ ಇಟ್ಟುಕೊಳ್ಳುವ ಈ ಹವ್ಯಾಸಿಗಳ ಸಂಸ್ಥೆಯ ಹೆಸರು ‘ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರನಿಸಂ’, ಚಿಕ್ಕದಾಗಿ ಎಸ್‌ಸಿಎ. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಡಯಾನಾ ಪ್ಯಾಕ್ಸನ್ ಅವರ ಮನೆಯ ಹಿತ್ತಲಲ್ಲಿ ನಡೆದ ಒಂದು ಸಂತೋಷಕೂಟದಿಂದ ಅದು ಹುಟ್ಟಿತು. ಮುಂದಿನ ಕೂಟಕ್ಕೆ ಉದ್ಯಾನ ಕಾದಿರಿಸಲು ಹೋದಾಗ ಸಂಘದ ಹೆಸರು ಬರೆಯಬೇಕಾಗಿ ಬಂತು. ಆಗ ಲೇಖಕಿ ಮೇರಿಯನ್ ಜಿಮ್ಮರ್ ಬ್ರ್ಯಾಡ್ಲಿ ಹೊಳೆಯಿಸಿಕೊಟ್ಟ ಹೆಸರು ಇದು.

● ಸಂಘ ಹುಟ್ಟಿದ ದಿನದಿಂದಲೇ ಅವರ ಶಕೆಯೂ ಶುರು. 2025ರ ಮೇ 1ಕ್ಕೆ ಅವರ ಲೆಕ್ಕದಲ್ಲಿ 60ನೇ ವರ್ಷ ಆರಂಭವಾಯಿತು. ಕಲ್ಯಾಣದ ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ಚಾಲುಕ್ಯ ವಿಕ್ರಮ ಶಕೆ ಆರಂಭಿಸಿದ್ದನ್ನು ಬಲ್ಲ ನಮಗೆ ಇದು ಹೊಸದಲ್ಲ.

● ಎಸ್‌ಸಿಎ ಜಗತ್ತನ್ನು 20 ‘ರಾಜ್ಯ’ಗಳಾಗಿ ಹಂಚಿಕೊಂಡಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ ಒಂದು ರಾಜ್ಯ. ಅದರ ಹೆಸರು ಲೋಖಾಕ್. ರಾಜನಾಗುವುದು ಹುಟ್ಟಿನಿಂದಲ್ಲ, ಬೆತ್ತದ ಕತ್ತಿಯ ಕಾಳಗದಲ್ಲಿ ಗೆದ್ದು. ಗೆದ್ದವರ ಆಳ್ವಿಕೆಯೂ ಕೆಲವೇ ತಿಂಗಳು.

● ಹೆಸರು, ಲಾಂಛನಗಳನ್ನು ಪರೀಕ್ಷಿಸುವವರನ್ನು ಅಲ್ಲಿ ಹೆರಾಲ್ಡ್ ಎನ್ನುತ್ತಾರೆ. ಮಧ್ಯಯುಗದ ಯುರೋಪಿನಲ್ಲಿ ಹೆರಾಲ್ಡ್ ಎಂದರೆ ರಾಜನ ಸಂದೇಶ ಒಯ್ಯುವವನು, ಕಾಳಗದ ಕಣದಲ್ಲಿ ಗುರಾಣಿ ನೋಡಿ ಇವನು ಇಂಥವನು ಎಂದು ಕೂಗಿ ಹೇಳುವವನು. ನಮ್ಮ ವಂದಿಮಾಗಧರು ನೆನಪಾದರೆ ತಪ್ಪಿಲ್ಲ. ಆದರೆ ವಂದಿಮಾಗಧರ ಕೆಲಸ ಹೊಗಳುವುದು, ಹೆರಾಲ್ಡನ ಕೆಲಸ ಗುರುತು ಹಿಡಿಯುವುದು.

● ಇಂದಿನ ಈ ಹೆರಾಲ್ಡ್‌ಗಳೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಊರ ಮಟ್ಟದಲ್ಲಿ ಒಬ್ಬರು ನೋಡಿ, ರಾಜ್ಯದ ಮಟ್ಟದಲ್ಲಿ ಇನ್ನೊಬ್ಬರು ನೋಡಿ, ಕೊನೆಗೆ ‘ಲಾರೆಲ್’ ಎಂಬ ಮುಖ್ಯಸ್ಥರ ಕಚೇರಿಗೆ ಅರ್ಜಿ ಹೋಗುತ್ತದೆ. ಅಲ್ಲಿ ಹೆಸರುಗಳ ತೀರ್ಪು ಕೊಡುವವರು ‘ಪೆಲಿಕನ್’, ಲಾಂಛನಗಳ ತೀರ್ಪು ಕೊಡುವವರು ‘ರೀತ್’. ತಿಂಗಳಿಗೊಮ್ಮೆ ತೀರ್ಪಿನ ಪತ್ರ ಹೊರಡುತ್ತದೆ: ಇವು ಒಪ್ಪಿತ, ಇವು ವಾಪಸ್, ವಾಪಸಿಗೆ ಕಾರಣ ಇದು. ಕಾರಣ ಕೊಡದೆ ಯಾವುದನ್ನೂ ತಳ್ಳಿಹಾಕುವಂತಿಲ್ಲ. ಈ ಪದ್ಧತಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

● ಹೆಸರಿಗೆ ಸಾಕ್ಷಿ ಎಂದರೆ ಏನು? ಆ ಹೆಸರಿನ ಒಬ್ಬ ಮನುಷ್ಯ ನಿಜವಾಗಿ ಬದುಕಿದ್ದ ಎಂದು ತೋರಿಸುವ ಬರಹ. ತೆರಿಗೆ ಪಟ್ಟಿ, ಚರ್ಚಿನ ನಾಮಕರಣ ದಾಖಲೆ, ಆಸ್ತಿ ಪತ್ರ, ಕೋರ್ಟಿನ ಕಡತ, ಯಾವುದಾದರೂ ಆದೀತು. 1600ಕ್ಕೆ ಮೊದಲಿನದಾದರೆ ಉತ್ತಮ. 1650ರವರೆಗಿನದನ್ನೂ ಸಂಶಯದ ಲಾಭ ಕೊಟ್ಟು ಒಪ್ಪುತ್ತಾರೆ. ಮಕ್ಕಳ ಹೆಸರುಗಳ ಪುಸ್ತಕದಲ್ಲಿ ‘ಪ್ರಾಚೀನ ಹೆಸರು’ ಎಂದು ಅಚ್ಚಾಗಿದ್ದರೆ ಅದು ಸಾಕ್ಷಿಯಲ್ಲ.

ಯಾಕಿಷ್ಟು ಬಿಗಿ ಎನ್ನುವವರು ಹೀಗೆ ಯೋಚಿಸಿ ನೋಡಿ. ಹನ್ನೊಂದನೇ ಶತಮಾನದ ಲಕ್ಕುಂಡಿಯ ಕಥೆ ಹೇಳುವ ನಾಟಕದಲ್ಲಿ ನಾಯಕಿಯ ಹೆಸರು ‘ಪ್ರಿಯಾಂಕಾ’ ಎಂದರೆ ನಿಮ್ಮ ಕಿವಿ ನಿಮಿರುವುದಿಲ್ಲವೇ? ಅತ್ತಿಮಬ್ಬೆ, ಜಕ್ಕಿಯಬ್ಬೆ ಎಂದಾಗ ಮಾತ್ರ ಆ ಕಾಲದ ಬಾಗಿಲು ತೆರೆಯುತ್ತದೆ. ಆ ಹೆರಾಲ್ಡ್‌ಗಳೂ ತಮ್ಮ ಭಾಷೆಯಲ್ಲಿ ಹುಡುಕುತ್ತಿರುವುದು ಅದೇ ಸದ್ದನ್ನು.

● ‘ಫಿಯೋನಾ’ ಎಂದರೆ ಹಳೆಯ ಸ್ಕಾಟ್ಲೆಂಡಿನ ರಾಜಕುಮಾರಿಯೇ ಕಣ್ಣ ಮುಂದೆ ಬಂದಂತಾಗುತ್ತದೆ. ಆದರೆ ಅದು ಮಧ್ಯಯುಗದ ಹೆಸರೇ ಅಲ್ಲ. 18ನೇ ಶತಮಾನದಲ್ಲಿ ಜೇಮ್ಸ್ ಮ್ಯಾಕ್‌ಫರ್ಸನ್ ಎಂಬ ಕವಿ ಬಳಕೆಗೆ ತಂದದ್ದು.

● ‘ಸೆಡ್ರಿಕ್’ ಕೂಡ ಹಾಗೆಯೇ. ವಾಲ್ಟರ್ ಸ್ಕಾಟ್ 1819ರ ‘ಐವನ್‌ಹೋ’ ಕಾದಂಬರಿಯಲ್ಲಿ ಒಂದು ಪಾತ್ರಕ್ಕೆ ಇಟ್ಟ ಹೆಸರು. ಹಳೆಯ ಸ್ಯಾಕ್ಸನ್ ಅರಸನೊಬ್ಬನ ಹೆಸರು ‘ಸೆರ್ಡಿಕ್’. ಅದರ ಅಕ್ಷರಗಳು ಹಿಂದುಮುಂದಾಗಿ ಇದು ಹುಟ್ಟಿತು ಎನ್ನುತ್ತಾರೆ.

● ‘ವನೆಸ್ಸಾ’ ಹೆಸರನ್ನು ಕಟ್ಟಿದವನು ಜೊನಾಥನ್ ಸ್ವಿಫ್ಟ್. ಗೆಳತಿಯ ಮನೆತನದ ಹೆಸರಿನ ಮೊದಲ ಭಾಗಕ್ಕೆ ಅವಳ ಹೆಸರಿನ ಮುದ್ದುರೂಪ ಸೇರಿಸಿದ, ಅಷ್ಟೇ.

● ಇನ್ನು ಇದಕ್ಕೆ ತದ್ವಿರುದ್ಧವಾದ ಒಂದು ಹೆಸರು: ‘ಟಿಫನಿ’. ಕೇಳಿದರೆ ನಿನ್ನೆ ಮೊನ್ನೆಯದು, ಅಮೆರಿಕದ ಅಂಗಡಿ ಬೀದಿಯದು ಅನ್ನಿಸುತ್ತದೆ. ವಾಸ್ತವದಲ್ಲಿ ಅದು 12–13ನೇ ಶತಮಾನದಷ್ಟು ಹಳೆಯದು. ಗ್ರೀಕಿನ ‘ಥಿಯೊಫಾನಿಯಾ’ ಸವೆದು ಹಾಗಾಯಿತು. ಜನವರಿ 6ರ ಎಪಿಫನಿ ಹಬ್ಬದ ಹೊತ್ತಿಗೆ ಹುಟ್ಟಿದ ಹೆಣ್ಣುಮಕ್ಕಳಿಗೆ ಇಡುತ್ತಿದ್ದರು. ಆದರೂ ಐತಿಹಾಸಿಕ ಕಾದಂಬರಿಯಲ್ಲಿ ಈ ಹೆಸರು ಬಂದರೆ ಓದುಗರು ನಂಬುವುದಿಲ್ಲ. ಇದಕ್ಕೆ ಲೇಖಕಿ ಜೋ ವಾಲ್ಟನ್ ‘ಟಿಫನಿ ಸಮಸ್ಯೆ’ ಎಂದೇ ಹೆಸರಿಟ್ಟಿದ್ದಾರೆ. ಕಿವಿಯನ್ನು ನಂಬಬೇಡಿ, ಕಡತ ನೋಡಿ ಎಂದು ಹೆರಾಲ್ಡ್‌ಗಳು ಪಟ್ಟು ಹಿಡಿಯುವುದು ಇದಕ್ಕೇ.

● ಸ್ಕಾಟ್ಲೆಂಡ್, ಐರ್ಲೆಂಡುಗಳ ಗೇಲಿಕ್ ಭಾಷೆಯಲ್ಲಿ ‘ಮ್ಯಾಕ್’ ಎಂದರೆ ಮಗ. ಮಗಳಿಗೆ ಬೇರೆಯೇ ಪದವಿದೆ, ಅದರ ಹಿಂದೆ ತಂದೆಯ ಹೆಸರಿನ ರೂಪವೂ ಬದಲಾಗುತ್ತದೆ. ಹೀಗಾಗಿ ಗೇಲಿಕ್ ಹೆಸರಿನ ಜೊತೆ ‘ಮ್ಯಾಕ್’ ಸೇರಿಸಿ ಹೆಂಗಸೊಬ್ಬರು ಅರ್ಜಿ ಹಾಕಿದರೆ ತಿದ್ದುಪಡಿ ತಪ್ಪಿದ್ದಲ್ಲ. ಹುಡುಗಿಗೆ ನಾಗಪ್ಪ ಎಂದು ಹೆಸರಿಟ್ಟಂತೆ ಆಗುತ್ತದೆ ಅದು.

● ಒಂದೇ ಹೆಸರಿನಲ್ಲಿ ಎರಡು ನಾಡುಗಳ ಭಾಷೆ ಬೆರೆಸಬಹುದೇ? ಬೆರೆಸಬಹುದು, ಆದರೆ ಆ ಎರಡು ನಾಡುಗಳ ನಡುವೆ ಒಡನಾಟ ಇದ್ದಿರಬೇಕು ಮತ್ತು ಹೆಸರಿನ ಎರಡು ಭಾಗಗಳ ಕಾಲದ ಅಂತರ 300 ವರ್ಷ ಮೀರಬಾರದು. ಒಂದೇ ಭಾಷಾ ಬಳಗದೊಳಗೆ ಆದರೆ 500 ವರ್ಷದವರೆಗೆ ರಿಯಾಯಿತಿ.

● ‘ಸರ್’, ‘ಅರ್ಲ್’ ಇತ್ಯಾದಿ ಪದವಿಗಳನ್ನು ಹೆಸರಿನೊಳಗೆ ಸೇರಿಸುವಂತಿಲ್ಲ, ಗಳಿಸಿದವರಿಗೆ ಮಾತ್ರ. ವಿಲಿಯಂ ಶೇಕ್ಸ್‌ಪಿಯರ್ ಎಂಬ ಹೆಸರೂ ಸಿಗುವುದಿಲ್ಲ. ಅಂಥ ಮಹನೀಯರ ಮಗ ತಾನೆಂದು ಹೇಳಿಕೊಳ್ಳುವ ಹೆಸರೂ ಇಲ್ಲ. ಇನ್ನೊಬ್ಬ ಸದಸ್ಯರ ಹೆಸರಿಗೆ ತೀರಾ ಹತ್ತಿರವಾದರೆ ಅವರಿಂದ ಒಪ್ಪಿಗೆ ಪತ್ರ ತರಬೇಕು.

● ಹೆಸರು ಪರೀಕ್ಷಿಸುವ ಸರ್ಕಾರವೇ ಒಂದಿದೆ! ಐಸ್‌ಲೆಂಡಿನಲ್ಲಿ 1991ರ ಕಾಯ್ದೆಯಿಂದ ಹುಟ್ಟಿದ ಹೆಸರುಗಳ ಸಮಿತಿಯೊಂದಿದೆ. ರೂಢಿಯಲ್ಲಿಲ್ಲದ ಹೆಸರನ್ನು ಮಗುವಿಗೆ ಇಡಬೇಕಾದರೆ ಅದು ಐಸ್‌ಲೆಂಡಿಕ್ ವ್ಯಾಕರಣದ ವಿಭಕ್ತಿಗಳಿಗೆ ಒಗ್ಗುತ್ತದೆಯೇ ಎಂದು ಸಮಿತಿ ನೋಡುತ್ತದೆ.

● ಈಗ ಗುರಾಣಿಗೆ ಬರೋಣ. ಯುರೋಪಿನ ಕುಲಲಾಂಛನಗಳ ಮೊದಲ ಕುರುಹುಗಳು 12ನೇ ಶತಮಾನದವು. ಫ್ರಾನ್ಸಿನ ಲೆ ಮಾನ್ ನಗರದಲ್ಲಿ ಆಂಜೂವಿನ ಜೆಫ್ರಿಯ ಸಮಾಧಿಯಿಂದ ಬಂದ ಎನಾಮೆಲ್ ಫಲಕವಿದೆ. 1151ರಲ್ಲಿ ತೀರಿಕೊಂಡ ಅವನ ಕೈಯಲ್ಲಿ ನೀಲಿ ಗುರಾಣಿ, ಅದರ ಮೇಲೆ ಚಿನ್ನದ ಸಿಂಹಗಳು. ಇಂಗ್ಲೆಂಡಿನ ಸಾಲ್ಸ್‌ಬರಿ ಕತೀಡ್ರಲಿನಲ್ಲಿ ಅವನ ಮೊಮ್ಮಗ ವಿಲಿಯಂ ಲಾಂಗೆಸ್ಪೀ ಮಲಗಿದ್ದಾನೆ, 1226ರಿಂದ. ಅವನ ಗುರಾಣಿಯ ಮೇಲೂ ಅವೇ ಸಿಂಹಗಳು. ಅಜ್ಜನ ಗುರುತು ಮೊಮ್ಮಗನಿಗೆ ಇಳಿದದ್ದನ್ನು ಎರಡು ಸಮಾಧಿಗಳು ಹೇಳುತ್ತವೆ.

● ಬಣ್ಣದ ನಿಯಮ ಸರಳ. ಹಳದಿ ಅಂದರೆ ಚಿನ್ನ, ಬಿಳಿ ಅಂದರೆ ಬೆಳ್ಳಿ, ಇವೆರಡು ‘ಲೋಹ’ಗಳು. ಕೆಂಪು, ನೀಲಿ, ಹಸಿರು, ಕಪ್ಪು, ನೇರಳೆ ‘ಬಣ್ಣ’ಗಳು. ಲೋಹದ ಮೇಲೆ ಲೋಹ ಇಡಬಾರದು, ಬಣ್ಣದ ಮೇಲೆ ಬಣ್ಣ ಇಡಬಾರದು. ದೂರದಿಂದ, ದೂಳಿನ ನಡುವೆ, ಓಡುವ ಕುದುರೆಯ ಮೇಲಿರುವಾಗಲೂ ಚಿತ್ರ ಕಣ್ಣಿಗೆ ಬೀಳಬೇಕು ಎಂಬುದೇ ಲೆಕ್ಕ.

ಇದನ್ನು ಪರೀಕ್ಷಿಸಲು ಯುರೋಪಿಗೆ ಹೋಗಬೇಕಿಲ್ಲ, ಬೆಂಗಳೂರಿನ ಯಾವುದೇ ಸಿಗ್ನಲ್‌ನಲ್ಲಿ ನಿಂತು ನಂಬರ್ ಪ್ಲೇಟ್ ನೋಡಿ. ಸ್ವಂತ ಕಾರಿಗೆ ಬಿಳಿ ಮೇಲೆ ಕಪ್ಪು. ಟ್ಯಾಕ್ಸಿಗೆ ಹಳದಿ ಮೇಲೆ ಕಪ್ಪು. ಬಾಡಿಗೆಗೆ ಪಡೆದು ನಾವೇ ಓಡಿಸುವ ಕಾರಿಗೆ ಕಪ್ಪು ಮೇಲೆ ಹಳದಿ. ವಿದ್ಯುತ್ ಕಾರಿಗೆ ಹಸಿರು ಮೇಲೆ ಬಿಳಿ. ಎಲ್ಲ ಕಡೆಯೂ ಒಂದು ಲೋಹ, ಒಂದು ಬಣ್ಣ. ಎಂಟುನೂರು ವರ್ಷ ಹಿಂದಿನ ಹೆರಾಲ್ಡ್ ಬಂದು ನೋಡಿದರೂ ಒಂದರಲ್ಲೂ ತಪ್ಪು ಹುಡುಕಲಾರ.

● ಈ ನಿಯಮ ಮುರಿದ ಅತಿ ಪ್ರಸಿದ್ಧ ಲಾಂಛನ ಜೆರುಸಲೇಮ್ ರಾಜ್ಯದ್ದು: ಬೆಳ್ಳಿಯ ಮೇಲೆ ಚಿನ್ನದ ಶಿಲುಬೆಗಳು.

● ಕಪ್ಪು-ಬಿಳುಪಿನಲ್ಲಿ ಅಚ್ಚಾದ ಲಾಂಛನದ ಬಣ್ಣ ತಿಳಿಯುವುದು ಹೇಗೆ? ಚುಕ್ಕೆಗಳಿದ್ದರೆ ಚಿನ್ನ, ಖಾಲಿ ಇದ್ದರೆ ಬೆಳ್ಳಿ, ಲಂಬ ಗೆರೆಗಳಿದ್ದರೆ ಕೆಂಪು, ಅಡ್ಡ ಗೆರೆಗಳಿದ್ದರೆ ನೀಲಿ. ಈ ಸಂಕೇತವನ್ನು ನೆಲೆಗೊಳಿಸಿದವರು ಜೆಸೂಟ್ ಪಾದ್ರಿ ಸಿಲ್ವೆಸ್ಟರ್ ಪೆಟ್ರಾ ಸಾಂಕ್ಟಾ, 17ನೇ ಶತಮಾನದಲ್ಲಿ.

● ಲಾಂಛನವನ್ನು ಮಾತಿನಲ್ಲಿ ವರ್ಣಿಸುವ ಹಳೆಯ ಫ್ರೆಂಚ್ ಮಿಶ್ರಿತ ಭಾಷೆಗೆ ‘ಬ್ಲೇಜನ್’ ಎಂದು ಹೆಸರು. ಇಂಗ್ಲೆಂಡಿನಲ್ಲಿ ಆ ಮಾತೇ ಅಂತಿಮ. ಮಾತಿಗೆ ಹೊಂದುವಂತೆ ಯಾವ ಕಲಾವಿದ ಹೇಗೆ ಬರೆದರೂ ಅದು ಅದೇ ಲಾಂಛನ. ಎಸ್‌ಸಿಎಯಲ್ಲಿ ಇದು ತಿರುಗುಮುರುಗು. ಅಲ್ಲಿ ನೋಂದಣಿಯಾಗುವುದು ಚಿತ್ರ, ವರ್ಣನೆಯಲ್ಲ. ಹಾಗಾಗಿ ಅರ್ಜಿಯ ಚಿತ್ರಕ್ಕೆ ಬಹಳ ಬೆಲೆ. ಪೆನ್ಸಿಲ್ ಬಣ್ಣ ಬೇಡ, ಮಸುಕಾಗುತ್ತದೆ; ಶಾಲೆಯ ಮಕ್ಕಳು ಬಳಸುವ ಸ್ಕೆಚ್ ಪೆನ್ನಿನಿಂದ ಗಾಢವಾಗಿ ತುಂಬಿ ಎಂದು ಹೆರಾಲ್ಡ್‌ಗಳು ಸಲಹೆ ಕೊಡುತ್ತಾರೆ. ಕೆಂಪು ಮಾಸಿ ಗುಲಾಬಿಯಾದರೆ, ನೀಲಿ ನೇರಳೆಯಾಗಿ ಕಂಡರೆ ತಿಂಗಳುಗಟ್ಟಲೆ ಕಾದ ಅರ್ಜಿ ವಾಪಸ್ ಬರಬಹುದು.

● ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ನಾನು ಕತ್ತಿವರಸೆ ಕಲಿತಿದ್ದೇನೆ, ಕತ್ತಿ ಇರಲಿ. ಓದುತ್ತೇನೆ, ಪುಸ್ತಕ ಇರಲಿ. ಅಡುಗೆ ಚೆನ್ನಾಗಿ ಮಾಡುತ್ತೇನೆ, ಒಂದು ಪಾತ್ರೆಯೂ ಇರಲಿ. ಹೀಗೆ ಮೂರು ಬಗೆಯ ವಸ್ತುಗಳನ್ನು ಒಂದೇ ಗುಂಪಿನಲ್ಲಿ ಇಟ್ಟರೆ ಒಪ್ಪುವುದಿಲ್ಲ. ಜೂಜಿನ ಯಂತ್ರದ ಕಿಟಕಿಯಲ್ಲಿ ಬೇರೆ ಬೇರೆ ಚಿತ್ರ ಬಂದು ನಿಂತಂತೆ ಕಾಣುವುದರಿಂದ ಇದನ್ನು ‘ಸ್ಲಾಟ್ ಮಷಿನ್’ ಎಂದೇ ಕರೆಯುತ್ತಾರೆ. ಚಿತ್ರದಲ್ಲಿರುವ ವಸ್ತುಗಳ ಬಗೆ ಮತ್ತು ಬಣ್ಣ ಎರಡನ್ನೂ ಕೂಡಿಸಿದರೆ ಎಂಟು ದಾಟಬಾರದು ಎಂಬ ಲೆಕ್ಕವೂ ಇದೆ. ಹಳೆಯ ಗುರಾಣಿಗಳ ಚೆಲುವು ಇರುವುದೇ ಈ ಮಿತಿಯಲ್ಲಿ.

● ಗುರಾಣಿಯನ್ನು ನಾಲ್ಕು ಮನೆ ಮಾಡಿ ನಾಲ್ಕರಲ್ಲೂ ಬೇರೆ ಬೇರೆ ಚಿತ್ರ ಹಾಕುವುದೂ ನಡೆಯದು. ಅದು ಎರಡು ವಂಶಗಳ ಆಸ್ತಿ ಒಂದಾದ ಗುರುತು. 1230ರಲ್ಲಿ ಕ್ಯಾಸ್ಟೈಲ್ ಮತ್ತು ಲಿಯೋನ್ ರಾಜ್ಯಗಳು ಒಬ್ಬನೇ ಅರಸನ ಕೈಗೆ ಬಂದ ಮೇಲೆ ಕೋಟೆ-ಸಿಂಹ, ಕೋಟೆ-ಸಿಂಹ ಎಂದು ನಾಲ್ಕು ಮನೆಗಳಲ್ಲಿ ಮೂಡಿದ್ದು ಇದರ ಹೆಸರಾಂತ ಉದಾಹರಣೆ. ಅಂದಹಾಗೆ, ಕ್ಯಾಸ್ಟೈಲ್‌ಗೆ ಕೋಟೆ, ಲಿಯೋನ್‌ಗೆ ಸಿಂಹ. ಹೆಸರನ್ನೇ ಚಿತ್ರ ಮಾಡುವ ಈ ಶ್ಲೇಷೆ ಆ ಕಾಲದವರಿಗೆ ಬಲು ಇಷ್ಟ.

● ಎರಡು ಲಾಂಛನಗಳು ಬೇರೆ ಎನ್ನಲು ಎಸ್‌ಸಿಎಯಲ್ಲಿ ಸಾಮಾನ್ಯವಾಗಿ ಎರಡು ಸ್ಪಷ್ಟ ವ್ಯತ್ಯಾಸ ಬೇಕು. ಚಿನ್ನದ ಮೇಲೆ ಕೆಂಪು ಸಿಂಹ ಒಬ್ಬರದು, ಚಿನ್ನದ ಮೇಲೆ ನೀಲಿ ಸಿಂಹ ಇನ್ನೊಬ್ಬರದು ಎಂದರೆ ಒಂದೇ ವ್ಯತ್ಯಾಸ, ಸಾಲದು. ಸುತ್ತ ಅಂಚು ಸೇರಿಸಿದರೆ ಎರಡಾಯಿತು.

● ನಾಟಕಕಾರ ಶೇಕ್ಸ್‌ಪಿಯರನ ಮನೆತನವೂ ಇಂಥ ತಕರಾರು ಎದುರಿಸಿತ್ತು. 1596ರಲ್ಲಿ ಅವನ ತಂದೆ ಜಾನ್‌ಗೆ ಲಾಂಛನ ಸಿಕ್ಕಿತು: ಚಿನ್ನದ ಗುರಾಣಿ, ಓರೆಯಾಗಿ ಕಪ್ಪು ಪಟ್ಟಿ, ಪಟ್ಟಿಯ ಮೇಲೆ ಈಟಿ. ‘ಸ್ಪಿಯರ್’ ಎಂದರೆ ಈಟಿ, ಮತ್ತೆ ಶ್ಲೇಷೆ. 1602ರಲ್ಲಿ ರಾಲ್ಫ್ ಬ್ರೂಕ್ ಎಂಬ ಹೆರಾಲ್ಡ್ ದೂರು ಕೊಟ್ಟ. ಅರ್ಹತೆಯಿಲ್ಲದವರಿಗೆ ಲಾಂಛನ ಕೊಡಲಾಗಿದೆ. ಮೇಲಾಗಿ ಇದು ಲಾರ್ಡ್ ಮಾಲಿಯ ಲಾಂಛನವನ್ನು ಹೋಲುತ್ತದೆ ಎಂದ. ಕೊಟ್ಟವರ ಉತ್ತರ: ಪಟ್ಟಿಯ ಮೇಲೆ ಈಟಿ ಇದೆಯಲ್ಲ, ಆ ವ್ಯತ್ಯಾಸ ಸಾಕು. ಎಸ್‌ಸಿಎಯ ಮೇಜಿನ ಮೇಲೆ ಇವತ್ತು ನಡೆಯುವ ವಾದ ಇದಕ್ಕಿಂತ ಬೇರೆಯಲ್ಲ.

● ಆದರೆ ಲಾಂಛನದ ವ್ಯಾಜ್ಯಗಳಿಗೆಲ್ಲ ತಾಯಿಯಂಥದ್ದು ‘ಸ್ಕ್ರೋಪ್ ವಿರುದ್ಧ ಗ್ರೋವ್‌ನರ್’. 1385ರಲ್ಲಿ ಎರಡನೇ ರಿಚರ್ಡ್ ದೊರೆ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದಾಗ ಒಂದೇ ದಂಡಿನಲ್ಲಿ ಇಬ್ಬರ ಗುರಾಣಿ ಒಂದೇ ಆಗಿತ್ತು: ನೀಲಿಯ ಮೇಲೆ ಚಿನ್ನದ ಓರೆಪಟ್ಟಿ. ಯಾರೂ ಬಿಟ್ಟುಕೊಡಲಿಲ್ಲ. ನೂರಾರು ಜನ ಸಾಕ್ಷಿ ಹೇಳಿದರು. ಅವರಲ್ಲೊಬ್ಬ ಕವಿ ಜೆಫ್ರಿ ಚಾಸರ್, 1386ರಲ್ಲಿ.

ಚಾಸರ್ ಹೇಳಿದ್ದು ಪುಸ್ತಕದ ಮಾತಲ್ಲ, ಬೀದಿಯಲ್ಲಿ ಕಂಡದ್ದು. ಲಂಡನ್ನಿನ ಫ್ರೈಡೇ ಸ್ಟ್ರೀಟಿನಲ್ಲಿ ನಡೆದು ಹೋಗುತ್ತಿದ್ದಾಗ ಒಂದು ವಸತಿಗೃಹದ ಮುಂದೆ ಆ ಲಾಂಛನದ ಹೊಸ ಫಲಕ ತೂಗುತ್ತಿತ್ತು. ಸ್ಕ್ರೋಪ್ ಮನೆತನದ ಗುರುತು ಇಲ್ಲಿ ಯಾಕೆ ಎಂದು ದಾರಿಯಲ್ಲಿದ್ದವನೊಬ್ಬನನ್ನು ಕೇಳಿದ. ಇದು ಸ್ಕ್ರೋಪರದ್ದಲ್ಲ, ಗ್ರೋವ್‌ನರ್ ಎಂಬ ನೈಟ್‌ನದು ಎಂದು ಅವನು ಹೇಳಿದ. ಗ್ರೋವ್‌ನರ್ ಎಂಬ ಹೆಸರನ್ನು ಚಾಸರ್ ಕೇಳಿದ್ದು ಅದೇ ಮೊದಲು. ಆ ಒಂದು ಮಾತು ಸ್ಕ್ರೋಪ್ ಪಕ್ಷಕ್ಕೆ ಬಲ ಕೊಟ್ಟಿತು. 1390ರಲ್ಲಿ ದೊರೆಯ ಅಂತಿಮ ತೀರ್ಪು ಸ್ಕ್ರೋಪ್ ಕಡೆಗೇ ಬಂತು.

ಸೋತ ಗ್ರೋವ್‌ನರ್ ನೀಲಿಯ ಮೇಲೆ ಚಿನ್ನದ ಗೋಧಿ ಸಿವುಡನ್ನು ತನ್ನ ಗುರುತಾಗಿ ಇಟ್ಟುಕೊಂಡ. ನೋವು ಮಾತ್ರ ಮನೆತನದಲ್ಲಿ ಉಳಿಯಿತು. ಸುಮಾರು ಐದು ಶತಮಾನ ಕಳೆದು 1880ರಲ್ಲಿ ಇಂಗ್ಲೆಂಡಿನ ಡರ್ಬಿ ಗೆದ್ದ ಕುದುರೆ ಗ್ರೋವ್‌ನರ್ ವಂಶದ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್‌ನದು. ಆ ಕುದುರೆಯ ಹೆಸರು ‘ಬೆಂಡ್ ಓರ್’, ಅಂದರೆ ಚಿನ್ನದ ಓರೆಪಟ್ಟಿ.

● ಡೆರಿಂಗ್ ರೋಲ್ ಎಂಬುದು 13ನೇ ಶತಮಾನದ ಕೊನೆಯ ಭಾಗದ ಚರ್ಮದ ಸುರುಳಿ. ಅದರಲ್ಲಿ 324 ಗುರಾಣಿಗಳ ಚಿತ್ರವಿದೆ; ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. 17ನೇ ಶತಮಾನದಲ್ಲಿ ಅದರ ಒಡೆಯನಾಗಿದ್ದ ಎಡ್ವರ್ಡ್ ಡೆರಿಂಗ್ ಒಬ್ಬನ ಹೆಸರು ಕೆರೆದು, ಆ ಜಾಗದಲ್ಲಿ ಇಲ್ಲದ ಪೂರ್ವಜನೊಬ್ಬನ ಹೆಸರು ಸೇರಿಸಿದ. ಸಾಕ್ಷಿಯನ್ನೂ ಪರೀಕ್ಷಿಸಬೇಕು ಅನ್ನುವುದು ಇಂಥ ಕಡೆ.

● ಇಂಗ್ಲೆಂಡಿನ ಅಧಿಕೃತ ಕಾಲೇಜ್ ಆಫ್ ಆರ್ಮ್ಸ್‌ಗೆ ಸನದು ಸಿಕ್ಕಿದ್ದು 1484ರಲ್ಲಿ, ಮೂರನೇ ರಿಚರ್ಡ್ ದೊರೆಯಿಂದ. 1530ರಿಂದ ಅದರ ಹೆರಾಲ್ಡ್‌ಗಳು ಜಿಲ್ಲೆ ಜಿಲ್ಲೆ ಸುತ್ತಿ ಲಾಂಛನಗಳ ತಪಾಸಣೆ ನಡೆಸುತ್ತಿದ್ದರು. ಹಕ್ಕಿಲ್ಲದೆ ಹಾಕಿಕೊಂಡದ್ದನ್ನು ಅಳಿಸಿಹಾಕುವ ಅಧಿಕಾರವೂ ಅವರಿಗಿತ್ತು.

● ಲಾಂಛನದ ಕೋರ್ಟು ಕೊನೆಯ ಸಲ ಕೂತದ್ದು 1954ರಲ್ಲಿ! ಮ್ಯಾಂಚೆಸ್ಟರ್ ನಗರಸಭೆಯ ಲಾಂಛನವನ್ನು ಒಂದು ನಾಟಕಶಾಲೆ ಬಳಸಿಕೊಂಡಿತ್ತು. ನಗರಸಭೆ ಗೆದ್ದಿತು. ಅದಕ್ಕೂ ಮೊದಲು ಆ ನ್ಯಾಯಾಲಯ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಬಾಗಿಲು ಮುಚ್ಚಿತ್ತು.

● ಬಿಳಿಯ ಮೇಲೆ ಕೆಂಪು ಶಿಲುಬೆಯ ರೆಡ್ ಕ್ರಾಸ್ ಚಿಹ್ನೆಯನ್ನು ಎಸ್‌ಸಿಎಯಲ್ಲಿ ಯಾರಿಗೂ ಕೊಡುವುದಿಲ್ಲ. ಅದಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆ ಇದೆ. ಸ್ವಸ್ತಿಕವೂ ನಿಷಿದ್ಧ. ನಮ್ಮ ಹೊಸ್ತಿಲ ರಂಗೋಲಿಯಲ್ಲಿ ಮಂಗಳದ ಗುರುತಾದ ಅದನ್ನು ನಾಜಿಗಳು ಯುರೋಪಿನಲ್ಲಿ ಎಷ್ಟು ಹೊಲಸು ಮಾಡಿದರೆಂದರೆ, ನೋಡಿದವರಿಗೆ ಇಂದಿಗೂ ಆ ಗಾಯವೇ ನೆನಪಾಗುತ್ತದೆ. ಈ ನಿಷೇಧ ಸರಿ ಎಂದೇ ನನ್ನ ಅಭಿಪ್ರಾಯ.

● 1350ರ ದಶಕದಲ್ಲಿ ಇಟಲಿಯ ನ್ಯಾಯಶಾಸ್ತ್ರಜ್ಞ ಬಾರ್ತೊಲೊ ಲಾಂಛನಗಳ ಬಗ್ಗೆ ಗ್ರಂಥ ಬರೆದ. ಮನುಷ್ಯರನ್ನು ಗುರುತಿಸಲು ಹೆಸರು ಹುಟ್ಟಿದ ಹಾಗೆ ಲಾಂಛನವೂ ಹುಟ್ಟಿತು. ಹೆಸರಿನಂತೆ ಅದನ್ನೂ ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಇನ್ನೊಬ್ಬರಿಗೆ ಹಾನಿಯಾಗಬಾರದು ಅಷ್ಟೇ ಎಂದು ವಾದಿಸಿದ. ಹೆಸರು ಮತ್ತು ಗುರಾಣಿ ಎರಡನ್ನೂ ಒಂದೇ ಕಚೇರಿಯಲ್ಲಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

● ಪವಿತ್ರ ರೋಮನ್ ಸಾಮ್ರಾಜ್ಯದ ಲಾಂಛನ ಚಿನ್ನದ ಮೇಲೆ ಎರಡು ತಲೆಯ ಕಪ್ಪು ಹದ್ದು. 1433ರಿಂದ ಅದು ಚಕ್ರವರ್ತಿಯ ಗುರುತಾಯಿತು. ನಮ್ಮ ಬಳ್ಳಿಗಾವಿಯಲ್ಲಿ ಗಂಡಭೇರುಂಡದ ಕಂಬ ನಿಂತಿದ್ದು 1047ರಲ್ಲಿ, ಅದಕ್ಕೂ ಸುಮಾರು ನಾಲ್ಕು ಶತಮಾನ ಮೊದಲು. ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೂ ಗಂಡಭೇರುಂಡವಿದೆ.

● ಕದಂಬರ ಶಾಸನಗಳಲ್ಲಿ ‘ವಾನರಧ್ವಜ’, ‘ಸಿಂಹಲಾಂಛನ’ ಎಂಬ ವಿಶೇಷಣಗಳು ಬರುತ್ತವೆ. ಬಾವುಟಕ್ಕೊಂದು ಚಿತ್ರ, ಮುದ್ರೆಗೊಂದು ಚಿತ್ರ. ಯುರೋಪಿನಲ್ಲಿ ಗುರಾಣಿಗೆ ಸಂದ ಜಾಗ ನಮ್ಮಲ್ಲಿ ಧ್ವಜಕ್ಕೂ ಮುದ್ರೆಗೂ ಸಂದಿತ್ತು.

● ನಮ್ಮ ಸಂಸ್ಥಾನಗಳಿಗೆ ಯುರೋಪಿನ ಮಾದರಿಯ ಗುರಾಣಿ ಲಾಂಛನ ಬಂದದ್ದು ಹೆಚ್ಚಾಗಿ 1877ರ ದಿಲ್ಲಿ ದರ್ಬಾರಿನ ಹೊತ್ತಿಗೆ. ರಾಬರ್ಟ್ ಟೇಲರ್ ಎಂಬ ಬ್ರಿಟಿಷ್ ಅಧಿಕಾರಿ ಅರಸರಿಗೆ ಹಂಚುವ ಪತಾಕೆಗಳಿಗಾಗಿ ಅವನ್ನು ರಚಿಸಿದ.

● ಎಸ್‌ಸಿಎಯಲ್ಲಿ ಭಾರತದ ಹೆಸರಿಗೆ ಜಾಗ ಇದೆಯೇ? ಇದೆ. ಯುರೋಪಿನ ಹೊರಗಿನ ಹೆಸರಾದರೆ ಆ ಕಾಲದಲ್ಲಿ ಆ ನಾಡಿನಲ್ಲಿ ಜನರಿಗೆ ಹಾಗೆ ಹೆಸರಿಡುತ್ತಿದ್ದರು ಎಂದು ಉದಾಹರಣೆಗಳ ಸಮೇತ ತೋರಿಸಬೇಕು. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ಕನ್ನಡಿಗರು ಈ ಬಳಗ ಸೇರುವುದಾದರೆ ದಯವಿಟ್ಟು ಎರವಲು ಹೆಸರಿನ ಮೊರೆ ಹೋಗಬೇಡಿ. 1886ರಿಂದ ಬಿ.ಎಲ್. ರೈಸ್ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳನ್ನು ತೆರೆಯಿರಿ. ದತ್ತಿ ಕೊಟ್ಟವರು, ಕೆರೆ ಕಟ್ಟಿಸಿದವರು, ತುರು ಕಾಯಲು ಹೋಗಿ ಸತ್ತವರು, ಎಲ್ಲರ ಹೆಸರೂ ಕಾಲದ ಸಮೇತ ಅಲ್ಲಿವೆ.

ಊರಲ್ಲೇ ಇರುವವರು ಮುಂದಿನ ಸಲ ಬೇಲೂರಿಗೆ ಹೋದಾಗ ಮದನಿಕೆಯರ ಮುಖ ನೋಡಿ ಮುಗಿದ ಮೇಲೆ ಕಣ್ಣನ್ನು ಸ್ವಲ್ಪ ಕೆಳಗಿಳಿಸಿ, ಶಿಲ್ಪಿಗಳ ಸಹಿ ಹುಡುಕಿ. ಒಬ್ಬನ ಹೆಸರು ಚಾವಣ, ಅವನ ತಂದೆ ದಾಸೋಜ, ಅವರ ಊರು ಬಳ್ಳಿಗಾವಿ. ಸ್ವಂತ ಹೆಸರು, ತಂದೆಯ ಹೆಸರು, ಊರಿನ ಹೆಸರು: ಪೆನ್ಸಿಲ್ವೇನಿಯಾದ ಗುಡಾರದಲ್ಲಿ ಹುಡುಕುವಂಥ ವಿವರಗಳನ್ನು ಒಂಬೈನೂರು ವರ್ಷಗಳಿಂದ ಆ ಕಲ್ಲು ಉಳಿಸಿಕೊಂಡಿದೆ.